ಆರು ಮಳೆಗಾಲ ಕಂಡ ಯುವಿ-ವಿಸಿಬಲ್ ಸ್ಪೆಕ್ಟ್ರೋಫೋಟೋಮೀಟರ್: ಮಲೆನಾಡಿನ ಎಂ.ಎಸ್ಸಿ. ಲ್ಯಾಬಿನಿಂದ ಬಳಕೆದಾರರ ವಿಮರ್ಶೆ

ದ್ರಾವಣದ ಮೂಲಕ ಬೆಳಕು ಹಾಯಿಸಿ, ಯಾವ ಅಲೆಯುದ್ದದ ಬೆಳಕನ್ನು ಅದು ಎಷ್ಟು ಹೀರುತ್ತದೆ ಎಂದು ಅಳೆಯುವ ಯಂತ್ರ ಇದು; ಸಿಂಗಲ್ ಬೀಮ್, ಅಂದರೆ ಒಂದೇ ಕಿರಣದ್ದು. ವ್ಯಾಪ್ತಿ 190ರಿಂದ 1100 ನ್ಯಾನೋಮೀಟರ್, ಬ್ಯಾಂಡ್‌ವಿಡ್ತ್ 2 ನ್ಯಾನೋಮೀಟರ್. ಒಳಗೆ ಒಂದು ಡ್ಯೂಟೀರಿಯಂ ದೀಪ, ಒಂದು ಟಂಗ್‌ಸ್ಟನ್ ಹ್ಯಾಲೊಜನ್ ದೀಪ. ಮುಂದೆ ದ್ರಾವಣ ಹಾಕುವ ನಾಲ್ಕು ಪುಟ್ಟ ಪಾತ್ರೆ (ಕ್ಯುವೆಟ್) ಕೂರುವ, ಸರಳು ಹಿಡಿದು ಎಳೆಯುವ ಹೋಲ್ಡರ್. ಶಿವಮೊಗ್ಗ ಜಿಲ್ಲೆಯ ಒಂದು ಕಾಲೇಜಿನಲ್ಲಿ ಎಂ.ಎಸ್ಸಿ. ರಸಾಯನಶಾಸ್ತ್ರ ಮತ್ತು ಜೀವರಸಾಯನಶಾಸ್ತ್ರದ ಪ್ರಾಕ್ಟಿಕಲ್‌ಗಳಿಗೆ ಆರು ವರ್ಷದಿಂದ ಬಳಕೆಯಲ್ಲಿದೆ. ಕಂಪನಿಯ ಹೆಸರು ಹಾಕುತ್ತಿಲ್ಲ. ಈ ದರ್ಜೆಯ ಸಿಂಗಲ್ ಬೀಮ್ ಯಂತ್ರಗಳ ಒಳರಚನೆ ಹೆಚ್ಚುಕಡಿಮೆ ಒಂದೇ ಆದ್ದರಿಂದ ಇಲ್ಲಿ ಬರೆದದ್ದು ಯಾವ ಹೆಸರಿನ ಯಂತ್ರ ಕೊಂಡವರಿಗೂ ಉಪಯೋಗಕ್ಕೆ ಬರುತ್ತದೆ.

ಅಂಕ ಕೊಡುವುದಾದರೆ ಐದಕ್ಕೆ ನಾಲ್ಕು. ಸ್ನಾತಕೋತ್ತರ ಪಠ್ಯದ ಪ್ರಯೋಗಗಳಿಗೆ ಈ ಯಂತ್ರ ಧಾರಾಳವಾಗಿ ಸಾಕು. ಒಂದು ಅಂಕ ಕಳೆದದ್ದು ಅದರ ಕೈಪಿಡಿಗೆ. ಕೋಣೆ ಒಣಗಿರುತ್ತದೆ, ಎ.ಸಿ. ಇರುತ್ತದೆ, ಕರೆಂಟು ಹೋಗುವುದಿಲ್ಲ ಎಂದು ನಂಬಿ ಬರೆದ ಕೈಪಿಡಿ ಅದು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಲ್ಯಾಬುಗಳಿಗೆ ಈ ಮೂರೂ ಸಲ್ಲುವುದಿಲ್ಲ.

ಮೊದಲು ಮಳೆಯ ವಿಷಯ. ಆರಿದ್ರಾ ಮಳೆ ಹಿಡಿದ ಮೇಲೆ ಗೋಡೆ, ಪುಸ್ತಕ, ಚಪ್ಪಲಿಗೆ ಬೂಸ್ಟು ಬರುವ ಹಾಗೆಯೇ ಯಂತ್ರದ ಕನ್ನಡಿಗಳಿಗೂ ಬರುತ್ತದೆ. ಬೇಕಾದ ಅಲೆಯುದ್ದದ ಬೆಳಕನ್ನಷ್ಟೇ ಆರಿಸಿಕೊಡುವ ಮಾನೋಕ್ರೋಮೇಟರಿನ ಒಳಗಿರುವುದು ಮುಂಬದಿಯಲ್ಲೇ ಅಲ್ಯೂಮಿನಿಯಂ ಲೇಪನವಿರುವ ಕನ್ನಡಿ; ನಮ್ಮ ಮನೆಯ ಕನ್ನಡಿಯಂತೆ ಗಾಜಿನ ಹಿಂದೆ ಅಡಗಿದ ಲೇಪನವಲ್ಲ. ಅದರ ಮೇಲೆ ಬೂಸ್ಟಿನ ಎಳೆ ಹರಡಿದರೆ ಬೆಳಕು ಚದುರುತ್ತದೆ. ಅಲೆಯುದ್ದ ಕಡಿಮೆಯಿದ್ದಷ್ಟೂ ಚದುರುವುದು ಹೆಚ್ಚು, ಹಾಗಾಗಿ ಪೆಟ್ಟು ಮೊದಲು ಕಾಣಿಸುವುದು 200ರಿಂದ 230 ನ್ಯಾನೋಮೀಟರ್ ಸುತ್ತ. 540ರಲ್ಲಿ ಡಿಎನ್‌ಎಸ್ ವಿಧಾನದ ಸಕ್ಕರೆ ಅಳತೆ ಸರಿಯಾಗಿಯೇ ಬರುತ್ತಿರುತ್ತದೆ, ಯಂತ್ರ ಚೆನ್ನಾಗಿದೆ ಎಂದುಕೊಂಡಿರುತ್ತೇವೆ. 260ರಲ್ಲಿ ಡಿಎನ್‌ಎ ಅಳೆಯಲು ಹೊರಟಾಗ ಬೇಸ್‌ಲೈನ್ (ಸೊನ್ನೆಯ ಗೆರೆ) ನಡುಗುತ್ತದೆ.

ಒಂದು ಸಲ ಬೂಸ್ಟು ಬಂದ ಕನ್ನಡಿಯನ್ನು ಬಟ್ಟೆ, ಹತ್ತಿ, ಟಿಶ್ಯೂ ಯಾವುದರಿಂದಲೂ ಒರೆಸಬಾರದು. ಲೇಪನ ಕಿತ್ತು ಬರುತ್ತದೆ. ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಗ್ರೇಟಿಂಗ್ ಅನ್ನಂತೂ ಬೆರಳಿನಿಂದ ಮುಟ್ಟುವ ಹಾಗೇ ಇಲ್ಲ. ಬಳಕೆದಾರರು ಒರೆಸಬಹುದಾದದ್ದು ಕ್ಯುವೆಟ್ ಕೋಣೆಯ ಎರಡು ಬದಿಯ ಪುಟ್ಟ ಕಿಟಕಿಗಳನ್ನು ಮಾತ್ರ. ಲೆನ್ಸ್ ಟಿಶ್ಯೂವಿಗೆ ಒಂದೆರಡು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒಂದೇ ದಿಕ್ಕಿನಲ್ಲಿ. ಆದ್ದರಿಂದ ಬೂಸ್ಟು ಬಾರದ ಹಾಗೆ ನೋಡಿಕೊಳ್ಳುವುದೊಂದೇ ದಾರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಪ್ರಾಕ್ಟಿಕಲ್ ಇರಲಿ ಬಿಡಲಿ, ದಿನಕ್ಕೆ ಎರಡು ಗಂಟೆ ಯಂತ್ರ ಚಾಲೂ ಇಡಬೇಕು. ದೀಪದ ಬಿಸಿಗೆ ಒಳಗಿನ ತೇವ ಹೊರಗೆ ಹೋಗುತ್ತದೆ. ಇದಕ್ಕೆ ಹ್ಯಾಲೊಜನ್ ದೀಪ ಸಾಕು, ಡ್ಯೂಟೀರಿಯಂ ದೀಪವನ್ನು ಮೆನುವಿನಲ್ಲಿ ಆರಿಸಿಡಿ. ಕ್ಯುವೆಟ್ ಕೋಣೆಯಲ್ಲಿ ಸಣ್ಣ ಬಟ್ಟೆಚೀಲದಲ್ಲಿ ಸಿಲಿಕಾ ಜೆಲ್ ಇಡಿ. ಬಣ್ಣ ಬದಲಾದ ಕೂಡಲೇ 120 ಡಿಗ್ರಿಯ ಓವನ್ನಿನಲ್ಲಿ ಎರಡು ಗಂಟೆ ಒಣಗಿಸಿ ಮತ್ತೆ ಇಡಿ. ನೀಲಿಯಿಂದ ಗುಲಾಬಿಗೆ ತಿರುಗುವ ಜೆಲ್‌ನಲ್ಲಿ ಇರುವುದು ಕೋಬಾಲ್ಟ್ ಕ್ಲೋರೈಡ್, ವಿಷಕಾರಿ. ಕಿತ್ತಳೆಯಿಂದ ಹಸಿರಿಗೆ ತಿರುಗುವ ಬಗೆ ಸಿಕ್ಕರೆ ಅದನ್ನೇ ತನ್ನಿ. ರೀಡಿಂಗ್ ತೆಗೆಯುವ ಮುಂಚೆ ಚೀಲವನ್ನು ಹೊರಗೆ ತೆಗೆಯಲು ಮರೆಯಬೇಡಿ, ಬೆಳಕಿನ ದಾರಿಗೆ ಅಡ್ಡ ಬಂದರೆ ಬ್ಲ್ಯಾಂಕ್ (ಮಾದರಿಯಿಲ್ಲದ ದ್ರಾವಣವಿಟ್ಟು ಸೊನ್ನೆ ಹೊಂದಿಸುವುದು) ಆಗುವುದೇ ಇಲ್ಲ. ಯಂತ್ರದ ಜೊತೆ ಬರುವ ಪ್ಲಾಸ್ಟಿಕ್ ಹೊದಿಕೆ ಮಳೆಗಾಲದಲ್ಲಿ ಶತ್ರು. ತೇವವನ್ನು ಒಳಗೇ ಹಿಡಿದಿಡುತ್ತದೆ. ಹತ್ತಿಬಟ್ಟೆಯ ಮುಸುಕು ಒಳ್ಳೆಯದು.

ಮಳೆಗಾಲದ ಇನ್ನೊಂದು ತೊಂದರೆಗೆ ಯಂತ್ರ ಹೊಣೆಯಲ್ಲ, ಆದರೆ ವಿದ್ಯಾರ್ಥಿಗಳ ಎಷ್ಟೋ ರೆಕಾರ್ಡ್ ಪುಸ್ತಕಗಳನ್ನು ಕೆಡಿಸುವುದು ಅದೇ. ಐಸಿನಲ್ಲಿಟ್ಟ ದ್ರಾವಣವನ್ನು ನೇರ ಕ್ಯುವೆಟ್‌ಗೆ ಸುರಿದರೆ ಹೊರಮೈಗೆ ಕ್ಷಣದಲ್ಲಿ ಮಂಜು ಕಟ್ಟುತ್ತದೆ. ರೀಡಿಂಗ್ ಏರುತ್ತದೆ, ಆಮೇಲೆ ಮಂಜು ಆರಿದಂತೆ ತಾನಾಗಿ ಇಳಿಯುತ್ತದೆ. ನೋಡುವವರಿಗೆ ಅದು ಕಿಣ್ವದ ಕೆಲಸದಂತೆಯೇ ಕಾಣುತ್ತದೆ! ಪರಿಹಾರ ಸುಲಭ. ಬಫರ್ ಮತ್ತು ಸಬ್‌ಸ್ಟ್ರೇಟ್ ಕೋಣೆಯ ಉಷ್ಣತೆಯಲ್ಲಿರಲಿ, ಕಿಣ್ವ ಮಾತ್ರ ಐಸಿನಲ್ಲಿರಲಿ. 2.9 ಮಿ.ಲೀ.ಗೆ 0.1 ಮಿ.ಲೀ. ತಣ್ಣನೆಯ ಕಿಣ್ವ ಬಿದ್ದರೆ ಒಟ್ಟು ಉಷ್ಣತೆ ಒಂದು ಡಿಗ್ರಿಯೂ ಇಳಿಯುವುದಿಲ್ಲ.

ಈಗ ಅಳತೆಯ ನಂಬಿಕೆ. ಪರದೆಯ ಮೇಲೆ 2.5, 3.0 ಎಂದು ಅಬ್ಸಾರ್ಬೆನ್ಸ್ (ದ್ರಾವಣ ಬೆಳಕನ್ನು ಎಷ್ಟು ಹೀರಿತು ಎಂಬ ಅಂಕಿ) ತೋರಿಸುತ್ತದೆ ಎಂದ ಮಾತ್ರಕ್ಕೆ ಅದನ್ನು ಬರೆದುಕೊಳ್ಳಬಾರದು. ಕಾರಣ ಸ್ಟ್ರೇ ಲೈಟ್, ಅಂದರೆ ನಾವು ಆರಿಸದ ಅಲೆಯುದ್ದದ ಬೆಳಕು ನುಸುಳಿ ಡಿಟೆಕ್ಟರಿಗೆ ಬೀಳುವುದು. ಅದು ನೂರಕ್ಕೆ ಒಂದು ಪಾಲು ಇದ್ದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ನೋಡಿ: ನಿಜವಾದ 0.5 ಎಂಬುದು 0.49 ಎಂದು ಬರುತ್ತದೆ, 1.0 ಎಂಬುದು 0.96 ಆಗುತ್ತದೆ, 2.0 ಎಂಬುದು 1.70ಕ್ಕೆ ಕುಸಿಯುತ್ತದೆ. ಸಾಂದ್ರತೆ ಹೆಚ್ಚಿದಂತೆ ಅಬ್ಸಾರ್ಬೆನ್ಸ್ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ ಎನ್ನುವ ಬಿಯರ್-ಲ್ಯಾಂಬರ್ಟ್ ನಿಯಮ ಮುರಿಯಿತು ಎಂದು ವೈವಾದಲ್ಲಿ ಹೇಳುವ ಉತ್ತರಗಳಲ್ಲಿ ಹೆಚ್ಚಿನವಕ್ಕೆ ಕಾರಣ ಇದೇ; ನಿಯಮ ಅಲ್ಲೇ ಇದೆ, ಬಾಗಿದ್ದು ಯಂತ್ರದ ಗೆರೆ. 0.2ರಿಂದ 1.0ರೊಳಗೆ ಬರುವಂತೆ ದ್ರಾವಣವನ್ನು ತೆಳು ಮಾಡಿಕೊಳ್ಳಿ. ಪರೀಕ್ಷೆಗೆ ಒಂದು ಸುಲಭ ಉಪಾಯವಿದೆ: ಲೀಟರಿಗೆ 12 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣವನ್ನು 1 ಸೆಂ.ಮೀ. ಕ್ವಾರ್ಟ್ಸ್ ಕ್ಯುವೆಟ್‌ನಲ್ಲಿ 198 ನ್ಯಾನೋಮೀಟರ್‌ನಲ್ಲಿ, ನೀರಿನ ಬ್ಲ್ಯಾಂಕ್ ಇಟ್ಟು ಅಳೆಯಿರಿ. 2ಕ್ಕಿಂತ ಮೇಲೆ ಬರಬೇಕು. ಬರದಿದ್ದರೆ ಕನ್ನಡಿ ಮಸುಕಾಗಿದೆ, ಇಲ್ಲವೇ ದೀಪ ಮುಗಿಯುತ್ತ ಬಂದಿದೆ.

ಅಬ್ಸಾರ್ಬೆನ್ಸ್ ಸರಿಯಿದೆಯೇ ಎಂದು ತಿಳಿಯಲು ಪೊಟ್ಯಾಸಿಯಂ ಡೈಕ್ರೋಮೇಟ್. 130 ಡಿಗ್ರಿಯಲ್ಲಿ ಒಣಗಿಸಿ, 60 ಮಿ.ಗ್ರಾಂ. ತೂಗಿ, 0.005 ಮೋಲಾರ್ ಗಂಧಕಾಮ್ಲದಲ್ಲಿ ಕರಗಿಸಿ 1 ಲೀಟರ್ ಮಾಡಿ. 235ರಲ್ಲಿ 0.747, 257ರಲ್ಲಿ 0.867, 313ರಲ್ಲಿ 0.292, 350ರಲ್ಲಿ 0.644 ಸುತ್ತ ಬರಬೇಕು. ಎರಡು ತಗ್ಗು, ಎರಡು ಉಬ್ಬು ಇರುವ ಈ ದ್ರಾವಣ ಇಡೀ ಯುವಿ ಭಾಗವನ್ನು ಒಂದೇ ಸಲ ತೋರಿಸಿಬಿಡುತ್ತದೆ. ತಿಂಗಳಿಗೊಮ್ಮೆ ಮಾಡಿ ಗೋಡೆಯ ಪಟ್ಟಿಯಲ್ಲಿ ಬರೆದಿಟ್ಟರೆ ಯಂತ್ರದ ಆರೋಗ್ಯ ಕಣ್ಣಿಗೆ ಕಾಣುತ್ತದೆ. ಆದರೆ ಮಿಕ್ಕ ದ್ರಾವಣವನ್ನು ಸಿಂಕಿಗೆ ಸುರಿಯಬೇಡಿ. ಅದರಲ್ಲಿರುವುದು ಷಡ್ವೇಲೆನ್ಸಿಯ ಕ್ರೋಮಿಯಂ, ನಮ್ಮ ಚರಂಡಿಗಳೆಲ್ಲ ಕೊನೆಗೆ ತುಂಗೆಗೋ ಭದ್ರೆಗೋ ಶರಾವತಿಗೋ ಸೇರುವಂಥವು. ಆಮ್ಲೀಯವಾಗಿಯೇ ಇಟ್ಟು ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿ ಹಳದಿ ಹೋಗುವವರೆಗೆ ಅಪಕರ್ಷಿಸಿ, ಆಮೇಲೆ ಕ್ಷಾರ ಹಾಕಿ ಹೈಡ್ರಾಕ್ಸೈಡ್ ಆಗಿ ಇಳಿಸಿ, ಸೋಸಿ, ಆ ಗಸಿಯನ್ನು ಬೇರೆ ಡಬ್ಬಿಯಲ್ಲಿ ತೆಗೆದಿಡಿ. ಅಲೆಯುದ್ದದ ಪರೀಕ್ಷೆಗೆ ಹೊರಗಿನದೇನೂ ಬೇಡ: ಡ್ಯೂಟೀರಿಯಂ ದೀಪದ್ದೇ ಎರಡು ಗೆರೆಗಳು 486.0 ಮತ್ತು 656.1ರಲ್ಲಿವೆ.

ಸಿಂಗಲ್ ಬೀಮ್ ಆದ್ದರಿಂದ ಹೋಲಿಕೆಗೆ ಎರಡನೆಯ ಕಿರಣವಿಲ್ಲ. ದೀಪ ಸ್ವಲ್ಪ ಅಲುಗಾಡಿದರೂ ನೇರ ರೀಡಿಂಗ್‌ಗೆ ಬರುತ್ತದೆ. ಚಾಲೂ ಮಾಡಿ ಅರ್ಧ ಗಂಟೆ ಕಾಯದೆ ಬ್ಲ್ಯಾಂಕ್ ಮಾಡಬೇಡಿ, ಮಾಡಿದ ಮೇಲೂ ಹದಿನೈದು ನಿಮಿಷಕ್ಕೊಮ್ಮೆ ಬ್ಲ್ಯಾಂಕ್ ಕ್ಯುವೆಟ್ ಎಳೆದು ಸೊನ್ನೆ ನೋಡಿ. ಗಾಳಿಮಳೆಗೆ ಕರೆಂಟು ಹೋಗಿ ಬರುವ ಊರುಗಳಲ್ಲಿ ಮನೆಯ ಇನ್ವರ್ಟರ್ ಇದಕ್ಕೆ ಆಗುವುದಿಲ್ಲ. ಬದಲಾಗುವ ಆ ಒಂದು ಚಣದಲ್ಲೇ ಯಂತ್ರ ರೀಸೆಟ್ ಆಗಿ ಬೇಸ್‌ಲೈನ್ ಅಳಿಸಿಹೋಗುತ್ತದೆ, ಡ್ಯೂಟೀರಿಯಂ ದೀಪ ಮತ್ತೆ ಹೊತ್ತಿಕೊಳ್ಳಬೇಕಾಗುತ್ತದೆ. ಹೊತ್ತಿದಷ್ಟೂ ಸಲ ಅದರ ಆಯುಸ್ಸು ಸವೆಯುತ್ತದೆ. ಆನ್‌ಲೈನ್ ಬಗೆಯ ಯುಪಿಎಸ್ ಬೇಕು, ಅರ್ತಿಂಗ್ ಗಟ್ಟಿಯಾಗಿರಬೇಕು. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ತ್ ಗುಂಡಿಗೆ ನೀರು ಹಾಕಿಸುವುದೂ ಲ್ಯಾಬ್ ಸಹಾಯಕರ ಕೆಲಸದ ಪಟ್ಟಿಯಲ್ಲಿರಲಿ.

ಕಿಣ್ವದ ವೇಗ ಅಳೆಯುವ ಪ್ರಯೋಗಗಳಲ್ಲಿ ಈ ಯಂತ್ರಕ್ಕೆ ಎರಡು ಎಡವಟ್ಟುಗಳಿವೆ. ಒಂದು, ದೀಪ ಬದಲಾಗುವ ಅಲೆಯುದ್ದ. ಕಾರ್ಖಾನೆಯಿಂದ ಬಂದಾಗ ಅದು 340ರಲ್ಲೇ ಇತ್ತು. ಕಿಣ್ವದ ಜೊತೆ ಕೆಲಸ ಮಾಡುವ ಎನ್‌ಎಡಿಎಚ್ ಎಂಬ ಸಹಕಿಣ್ವವನ್ನು ಅಳೆಯುವುದೂ 340ರಲ್ಲೇ! ಅಲ್ಲಿ ಎರಡೂ ದೀಪಗಳ ಶಕ್ತಿ ಬೇರೆ ಬೇರೆ, ಸ್ಕ್ಯಾನ್ ಮಾಡಿದರೆ ಗೆರೆಯಲ್ಲಿ ಒಂದು ಮೆಟ್ಟಿಲು ಕಾಣುತ್ತದೆ. ಸೆಟ್ಟಿಂಗ್‌ಗೆ ಹೋಗಿ 325 ಎಂದು ಬದಲಿಸಿ, ಸಮಸ್ಯೆ ಅಲ್ಲಿಗೆ ಮುಗಿಯಿತು. ಎನ್‌ಎಡಿಎಚ್‌ನ ಮೋಲಾರ್ ಗುಣಾಂಕ (ಒಂದು ಮೋಲಾರ್ ದ್ರಾವಣಕ್ಕೆ 1 ಸೆಂ.ಮೀ. ದಾರಿಯಲ್ಲಿ ಬರುವ ಅಬ್ಸಾರ್ಬೆನ್ಸ್) 6220. ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಪ್ರಯೋಗದಲ್ಲಿ ರೀಡಿಂಗ್ ನಿಮಿಷಕ್ಕೆ 0.0622 ಇಳಿದರೆ 3 ಮಿ.ಲೀ. ಮಿಶ್ರಣದಲ್ಲಿ ನಿಮಿಷಕ್ಕೆ 0.03 ಮೈಕ್ರೋಮೋಲ್ ಖರ್ಚಾಗಿದೆ ಎಂದರ್ಥ. ಇಳಿತ ಇದರ ಆಸುಪಾಸಿನಲ್ಲಿರುವಂತೆ ಕಿಣ್ವವನ್ನು ತೆಳು ಮಾಡಿ. ಕಲಸಿ ಮುಚ್ಚಳ ಹಾಕುವಷ್ಟರಲ್ಲಿ ಅರ್ಧ ಮುಗಿದುಹೋಗುವ ಪ್ರತಿಕ್ರಿಯೆಯಿಂದ ಆರಂಭದ ವೇಗ ಸಿಗುವುದಿಲ್ಲ.

ಎರಡನೆಯದು ದೊಡ್ಡದು: ಹೋಲ್ಡರ್‌ಗೆ ಉಷ್ಣತೆಯ ಹಿಡಿತವಿಲ್ಲ. ಸಾಮಾನ್ಯ ಕಿಣ್ವಗಳ ವೇಗ 10 ಡಿಗ್ರಿಗೆ ಸುಮಾರು ಇಮ್ಮಡಿಯಾಗುತ್ತದೆ. ಜನವರಿಯ ಬೆಳಗ್ಗೆ 18 ಡಿಗ್ರಿಯಲ್ಲಿ ಒಂದು ಬ್ಯಾಚು, ಮಧ್ಯಾಹ್ನ 28ರಲ್ಲಿ ಇನ್ನೊಂದು ಬ್ಯಾಚು ಮಾಡಿದರೆ ಇಬ್ಬರ ಗರಿಷ್ಠ ವೇಗವೂ ಹೊಂದುವುದಿಲ್ಲ, ಇಬ್ಬರೂ ತಪ್ಪು ಮಾಡಿರುವುದಿಲ್ಲ. ಜೊತೆಗೆ ಟ್ರಿಸ್ ಬಫರ್ ಒಂದೊಂದು ಡಿಗ್ರಿಗೂ ಸುಮಾರು 0.028ರಂತೆ ಪಿಎಚ್ ಬದಲಿಸುತ್ತದೆ; 25ರಲ್ಲಿ 8.0 ಮಾಡಿದ್ದು 18ರಲ್ಲಿ 8.2. ನೀರು ಹರಿಯುವ ಜಾಕೆಟ್ ಇರುವ ಹೋಲ್ಡರ್ ಪ್ರತ್ಯೇಕವಾಗಿ ಸಿಗುತ್ತದೆ. ಕೊಳ್ಳುವಾಗಲೇ ಕೇಳಿ ಪಡೆಯಿರಿ. ಅದಿಲ್ಲದಿದ್ದರೆ ಪ್ರತಿ ರೀಡಿಂಗ್ ಪಕ್ಕದಲ್ಲಿ ಕ್ಯುವೆಟ್‌ನೊಳಗಿನ ಉಷ್ಣತೆ ಬರೆಯಲೇಬೇಕು.

ಪ್ರೋಟೀನ್ ಅಳತೆಗೆ ಬ್ರ್ಯಾಡ್‌ಫರ್ಡ್ ವಿಧಾನ ಈ ಯಂತ್ರಕ್ಕೆ ಒಪ್ಪುತ್ತದೆ. 100 ಮಿ.ಗ್ರಾಂ. ಕೂಮಾಸಿ ಬ್ರಿಲಿಯಂಟ್ ಬ್ಲೂ ಜಿ-250 ಬಣ್ಣವನ್ನು 50 ಮಿ.ಲೀ. 95% ಇಥನಾಲ್‌ನಲ್ಲಿ ಕರಗಿಸಿ, 100 ಮಿ.ಲೀ. 85% ಫಾಸ್ಫಾರಿಕ್ ಆಮ್ಲ ಸೇರಿಸಿ, ನೀರು ಹಾಕಿ 1 ಲೀಟರ್ ಮಾಡಿ ಸೋಸಿ. 0.1 ಮಿ.ಲೀ. ಮಾದರಿಗೆ 5 ಮಿ.ಲೀ. ಹಾಕಿ 595ರಲ್ಲಿ, 2 ನಿಮಿಷದ ನಂತರ, ಒಂದು ಗಂಟೆಯೊಳಗೆ ಓದಿ. ಇದನ್ನು ಕ್ವಾರ್ಟ್ಸ್ ಕ್ಯುವೆಟ್‌ನಲ್ಲಿ ಎಂದಿಗೂ ಮಾಡಬೇಡಿ, ಬಣ್ಣ ಗೋಡೆಗೆ ಅಂಟಿಕೊಳ್ಳುತ್ತದೆ. ಪ್ಲಾಸ್ಟಿಕ್ ಇಲ್ಲವೇ ಗಾಜು ಸಾಕು. ಕಡಿಮೆ ಸಾಂದ್ರತೆಯಿಂದ ಹೆಚ್ಚಿನದಕ್ಕೆ ಹೋಗಿ, ಕೊನೆಗೆ ಇಥನಾಲ್‌ನಲ್ಲಿ ತೊಳೆಯಿರಿ. ಬಿಎಸ್‌ಎ (ಹಸುವಿನ ರಕ್ತದ ಆಲ್ಬುಮಿನ್ ಪ್ರೋಟೀನ್) ಈ ಬಣ್ಣವನ್ನು ಬೇರೆ ಹಲವು ಪ್ರೋಟೀನುಗಳಿಗಿಂತ ಜೋರಾಗಿ ಹಿಡಿಯುತ್ತದೆ, ಆದ್ದರಿಂದ ಅದನ್ನು ಸ್ಟ್ಯಾಂಡರ್ಡ್ ಇಟ್ಟಾಗ ಮಾದರಿಯ ಅಳತೆ ಕಡಿಮೆ ಬರುವ ಸಂಭವವಿದೆ.

ಮಲೆನಾಡಿನ ಗಿಡಗಳಲ್ಲಿ ಪ್ರೋಟೀನ್ ಅಳೆಯುವವರು ಲೌರಿ ವಿಧಾನ ಬಿಡಿ. ಅಡಿಕೆ, ಮುರುಗಲು, ಉಪ್ಪಾಗೆ ಎಲ್ಲದರಲ್ಲೂ ಪಾಲಿಫೀನಾಲ್ ತುಂಬಿದೆ. ಲೌರಿಯಲ್ಲಿ ಬಳಸುವ ಫೋಲಿನ್ ಕಾರಕ ಅದಕ್ಕೂ ನೀಲಿಯಾಗುತ್ತದೆ. ಎಲೆ ಅರೆಯುವಾಗಲೇ ಪಿವಿಪಿಪಿ ಪುಡಿ ಸೇರಿಸಿ ಟ್ಯಾನಿನ್ ಹಿಡಿಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ತೆಗೆದ ತಿಳಿಯನ್ನು ಬ್ರ್ಯಾಡ್‌ಫರ್ಡ್‌ಗೆ ಹಾಕಿ.

ಪಾಲಿಫೀನಾಲನ್ನೇ ಅಳೆಯಬೇಕೆಂದರೆ ಹಸಿ ಅಡಿಕೆ ಬೇಯಿಸಿ ಉಳಿದ ಚೊಗರಿಗಿಂತ ಒಳ್ಳೆಯ ಮಾದರಿ ಇಲ್ಲ, ಮಕ್ಕಳು ಮನೆಯಿಂದಲೇ ಬಾಟಲಿಯಲ್ಲಿ ತರಬಹುದು. ಸಾವಿರ ಪಟ್ಟು ತೆಳು ಮಾಡಿ ಶುರು ಮಾಡಿ. 0.5 ಮಿ.ಲೀ. ಮಾದರಿಗೆ ಹತ್ತು ಪಟ್ಟು ತೆಳು ಮಾಡಿದ ಫೋಲಿನ್-ಸಿಯೋಕಾಲ್ಟ್ಯೂ ಕಾರಕ 2.5 ಮಿ.ಲೀ., ಐದು ನಿಮಿಷದ ಮೇಲೆ 7.5% ಸೋಡಿಯಂ ಕಾರ್ಬೊನೇಟ್ 2 ಮಿ.ಲೀ., ಅರ್ಧ ಗಂಟೆಯಾದರೂ ಕತ್ತಲಲ್ಲಿಟ್ಟು 765ರಲ್ಲಿ ರೀಡಿಂಗ್. ಸ್ಟ್ಯಾಂಡರ್ಡ್‌ಗೆ ಗ್ಯಾಲಿಕ್ ಆಮ್ಲ. ಮುರುಗಲಿನ ಕೆಂಪಿಗೆ ಪಿಎಚ್ ವ್ಯತ್ಯಾಸದ ವಿಧಾನ: ಒಂದೇ ರಸವನ್ನು ಪಿಎಚ್ 1.0 ಮತ್ತು 4.5ರ ಬಫರುಗಳಲ್ಲಿ ತೆಳು ಮಾಡಿ, 520 ಮತ್ತು 700ರಲ್ಲಿ ಓದಿ, 520ರಿಂದ 700ರದ್ದನ್ನು ಕಳೆದು, ಪಿಎಚ್ 1.0ರ ಉತ್ತರದಿಂದ 4.5ರದ್ದನ್ನು ಮತ್ತೆ ಕಳೆಯಿರಿ. 700ರ ರೀಡಿಂಗ್ ರಸದ ಮಬ್ಬನ್ನು ತೆಗೆದುಹಾಕುತ್ತದೆ. ಲೆಕ್ಕಕ್ಕೆ ಆಧಾರವಾಗಿ ಹಿಡಿಯುವ ಕೆಂಪು ವರ್ಣಕ ಸಯನಿಡಿನ್-3-ಗ್ಲುಕೋಸೈಡ್‌ನ ಅಣುತೂಕ 449.2, ಗುಣಾಂಕ 26,900. ಉಳಿದ ವ್ಯತ್ಯಾಸ 0.60 ಇದ್ದು 50 ಪಟ್ಟು ತೆಳು ಮಾಡಿದ್ದರೆ ಲೀಟರಿಗೆ ಸುಮಾರು 501 ಮಿ.ಗ್ರಾಂ. ಕಾಲೇಜಿನ ಪ್ರಯೋಗಗಳಲ್ಲಿ ಈ ಯಂತ್ರದ ಬೆಲೆ ತಿಳಿಯುವುದು ಇಂಥಲ್ಲಿ.

ಸಾಫ್ಟ್‌ವೇರ್ ಸಾಧಾರಣ. ಗ್ರಾಫನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗುವಷ್ಟು ಸಾಕು.

ದೀಪಗಳ ವಿಷಯಕ್ಕೆ ಬಂದರೆ, ಡ್ಯೂಟೀರಿಯಂ ದೀಪ ಸಾಮಾನ್ಯವಾಗಿ 1000 ಗಂಟೆಯ ಸರಕು. ಇಡೀ ದಿನ 540ರಲ್ಲೇ ಕೆಲಸವಿದ್ದರೆ ಬೆಳಗ್ಗೆಯೇ ಅದನ್ನು ಆರಿಸಿ. ಬದಲಿಸುವಾಗ ಕರೆಂಟು ತೆಗೆದು ಅರ್ಧ ಗಂಟೆ ತಣಿಯಲು ಬಿಡಿ, ಗಾಜನ್ನು ಬರಿಗೈಯಲ್ಲಿ ಹಿಡಿಯಬೇಡಿ. ಬೆರಳಿನ ಜಿಡ್ಡು ಬಿಸಿಗೆ ಸುಟ್ಟು ಗಾಜು ಮಸುಕಾಗುತ್ತದೆ. ಉರಿಯುವ ದೀಪವನ್ನು ಬರಿಗಣ್ಣಲ್ಲಿ ನೋಡಬಾರದು. ಯಂತ್ರ ಕೂರಿಸಲು ಬಂದ ಎಂಜಿನಿಯರಿಂದ ಎರಡು ಕೆಲಸ ಮಾಡಿಸಿಕೊಂಡೇ ಸಹಿ ಹಾಕಿ: ಅವರ ಕೈಯಿಂದಲೇ ಡೈಕ್ರೋಮೇಟ್‌ನ ನಾಲ್ಕೂ ರೀಡಿಂಗ್ ತೆಗೆಸಿ ಲಾಗ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಸಿ, ಮತ್ತು ದೀಪ ಬಿಚ್ಚಿ ಹಾಕುವುದನ್ನು ಲ್ಯಾಬ್ ಸಹಾಯಕರಿಗೆ ಒಮ್ಮೆ ತೋರಿಸಿಕೊಡಲು ಹೇಳಿ. ಪುಷ್ಯ ಮಳೆಯ ನಡುವೆ ದೀಪ ಹೋದರೆ ಬೆಂಗಳೂರಿನಿಂದ ಜನ ಬರುವ ತನಕ ಪ್ರಾಕ್ಟಿಕಲ್ ನಿಲ್ಲಿಸಿ ಕೂರಬೇಕಾಗುವುದಿಲ್ಲ.