ಹಳೆಯ ದಾರ ವಾಪಸ್ ಪಡೆಯುವ ಗೋಣಿಕೊಪ್ಪದ ಗಾಳದ ಅಂಗಡಿ

ಕೊಡಗಿನ ಗೋಣಿಕೊಪ್ಪದ ಮಾರುಕಟ್ಟೆ ಬದಿಯಲ್ಲಿರುವ ಈ ಅಂಗಡಿ ಇಬ್ಬರು ಗಿರಾಕಿಗಳು ನಿಂತರೆ ತುಂಬಿಹೋಗುವಷ್ಟು ಚಿಕ್ಕದು. ಗಾಳದ ಕೋಲು, ರೀಲು, ನೈಲಾನ್ ದಾರ, ಕೊಕ್ಕೆ, ಬೆಂಡು ಎಲ್ಲವೂ ಸಿಗುತ್ತವೆ. ಬೆಲೆ ಬೇರೆ ಕಡೆಗಿಂತ ತುಸು ಹೆಚ್ಚು. ಆದರೂ ತೋಟದ ಕೆರೆಗೆ ಗಾಳ ಹಾಕುವ ನಾನು ಸಾಮಾನು ಕೊಳ್ಳುವುದು ಇಲ್ಲಿಯೇ.

ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಹಳೆಯ ಎಣ್ಣೆ ಡಬ್ಬವೊಂದಿದೆ. ಸಿಕ್ಕುಬಿದ್ದ ದಾರ, ಹರಿದ ಬಲೆ, ಏನಿದ್ದರೂ ಅದಕ್ಕೆ ಹಾಕಬಹುದು. ತುಂಬಿದಾಗ ಗುಜರಿಯವರು ಒಯ್ಯುತ್ತಾರೆ. ಹಳೆಯದನ್ನು ತಂದವರಿಗೆ ಹೊಸ ದಾರದಲ್ಲಿ ಹತ್ತು ರೂಪಾಯಿ ಕಡಿಮೆ. ಹಳೆಯ ದಾರವನ್ನು ಏನು ಮಾಡಲಿ ಎಂದು ಹಿಂದೆ ಬೇರೊಂದು ಅಂಗಡಿಯಲ್ಲಿ ಕೇಳಿದಾಗ "ಹೊಳೆಗೆ ಬಿಸಾಡಿ, ಮಳೆಗೆ ಹೋಗುತ್ತದೆ" ಎಂಬ ಉತ್ತರ ಬಂದಿತ್ತು. ಆ ಮಾತು ನೆನಪಾದರೆ ಈಗಲೂ ಸಿಟ್ಟು ಬರುತ್ತದೆ.

ಮಳೆಗೆ ಹೋಗುವುದು ಎಲ್ಲಿಗೆ? ಅಂಗಡಿಯ ಇಕ್ಕ (ಮಲಯಾಳದಲ್ಲಿ ಅಣ್ಣ; ಅಂಗಡಿಯವರನ್ನು ಕರೆಯುವುದೇ ಹಾಗೆ) ಅದಕ್ಕೆ ಬಾಯಲ್ಲಿ ಉತ್ತರಿಸದೆ ಮೊಬೈಲ್ ಮುಂದೆ ಹಿಡಿದರು. ಕಣ್ಣೂರು ಕಡೆಯ ಕಡಲಿನಲ್ಲಿ ದೋಣಿ ನಡೆಸುವ ಅವರ ತಮ್ಮ ಕಳುಹಿಸಿದ ಚಿತ್ರ. ಬೂದು ಬಣ್ಣದ ಡಾಲ್ಫಿನ್ ಮರಿಯ ಮೂತಿಗೆ ನೈಲಾನ್ ದಾರ ಮೂರು ಸುತ್ತು ಬಿಗಿದಿತ್ತು; ದಾರ ಇಳಿದ ಕಡೆ ಚರ್ಮ ಸೀಳಿ ಬಿಳಿ ಮಾಂಸ ಕಾಣುತ್ತಿತ್ತು. "ನೋಡಿ ಅಣ್ಣ, ನಿಮ್ಮ ಕೊಡಗಿನ ಬರಪೊಳೆ ಕೇರಳದ ವಳಪಟ್ಟಣಂ ಹೊಳೆಗೆ ಸೇರಿ ನಮ್ಮ ಕಡಲಿಗೇ ಬರುವುದು" ಎಂದರು.

ಆ ದಾರ ಕೊಡಗಿನದೇ ಎಂದು ಅವರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಕಡಲಿನಲ್ಲಿ ಮೀನಿಗೆಂದು ಹರಡುವ ಬಲೆಗಳೇ ಡಾಲ್ಫಿನ್‌ಗಳಿಗೆ ದೊಡ್ಡ ಕಂಟಕ. ಅವು ನಮ್ಮಂತೆ ಶ್ವಾಸಕೋಶದಿಂದ ಉಸಿರಾಡುವ ಪ್ರಾಣಿಗಳು. ಸಿಕ್ಕಿಬಿದ್ದು ಮೇಲೆ ಬರಲಾಗದಿದ್ದರೆ ಉಸಿರುಗಟ್ಟಿ ಸಾಯುತ್ತವೆ. ಆದರೆ ನಮ್ಮ ಪಶ್ಚಿಮ ಕರಾವಳಿಯ ಗೂನುಬೆನ್ನಿನ ಡಾಲ್ಫಿನ್‌ಗಳು ದಡದ ಹತ್ತಿರ, ಅಳಿವೆಗಳ ಬಾಯಲ್ಲಿಯೇ ಬದುಕುವಂಥವು. ಹೊಳೆ ಹೊತ್ತು ತಂದ ಕಸ ಮೊದಲು ಸೇರುವುದು ಅಲ್ಲಿಗೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಕೊಡುವ ಮೊದಲ ಅನುಸೂಚಿಯಲ್ಲಿ ಈ ಡಾಲ್ಫಿನ್‌ಗಳ ಹೆಸರಿದೆ. ಬೇಸಿಗೆಯಲ್ಲಿ ದಡದ ಪೊದೆಗೆ ಸಿಕ್ಕಿ ಜೂನ್ ಪ್ರವಾಹದಲ್ಲಿ ಕೊಚ್ಚಿಹೋಗುವ ದಾರವನ್ನು ತಡೆಯಬೇಕಾದವರು ಮಾತ್ರ ನಾವೇ. ನಡುದಾರಿಯಲ್ಲಿ ನೀರುನಾಯಿಗಳೂ ಇವೆಯಲ್ಲ!

ಮರಿಮೀನನ್ನೂ ಹಿಡಿಯುವ ಸಣ್ಣ ಕಣ್ಣಿನ ಬಲೆಯನ್ನು ಇಕ್ಕ ಮಾರುವುದಿಲ್ಲ. ಕೇಳಿದರೆ ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿಕೊಡುತ್ತಾರೆ. ಬೇಡದ ಮೀನನ್ನು ಹೆಚ್ಚು ಗಾಯವಿಲ್ಲದೆ ಬಿಡಿಸಲು ಅದು ಅನುಕೂಲ. ಕೊರತೆಯೂ ಇದೆ: ಒಳ್ಳೆಯ ರೀಲುಗಳ ಆಯ್ಕೆ ಕಡಿಮೆ, ಸಂತೆಯ ದಿನ ಒಳಗೆ ಕಾಲಿಡಲಾಗುವುದಿಲ್ಲ, ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತದೆ.

ಹಳೆಯ ದಾರ ಕೊಂಡೊಯ್ಯುವವರು ಕೊಕ್ಕೆಯನ್ನು ಮೊದಲೇ ಬಿಡಿಸಿ, ಕಾಗದದಲ್ಲಿ ಬೇರೆಯಾಗಿ ಸುತ್ತಿ ಕೊಡಿ. ಡಬ್ಬ ಖಾಲಿ ಮಾಡುವ ಹುಡುಗ ಬರಿಗೈಯಲ್ಲೇ ಕೆಲಸ ಮಾಡುತ್ತಾನೆ.