ಸ್ಟೀಲ್ ಬೀಮ್ ಬೋಲ್ಟಿಗೆ ಈ ಟಾರ್ಕ್ ರೆಂಚ್: ಎರಡನೇ ಮಳೆಗಾಲ ಮುಗಿದ್ಮೇಲೆ ಬರೀತಿದೀನಿ

ನಂದು ಹಾಸನದಲ್ಲಿ ಫ್ಯಾಬ್ರಿಕೇಶನ್ ಕೆಲಸ, ಮೊದ್ಲು ಬರೀ ಗೇಟು ಗ್ರಿಲ್ಲು ಇತ್ತು, ಈಗ ಜಾಸ್ತಿ ಸಕಲೇಶಪುರ ಮೂಡಿಗೆರೆ ಕಡೆ ಸ್ಟೀಲ್ ಫ್ರೇಮ್ ಮನೆ, ಹೋಮ್‌ಸ್ಟೇ. ಅದಕ್ಕೇ ಈ ಮುಕ್ಕಾಲು ಇಂಚ್ ಡ್ರೈವಿನ (ಸಾಕೆಟ್ ಕೂರೋ ಚೌಕದ ತುದಿ) ಕ್ಲಿಕ್ ಟೈಪ್ ಟಾರ್ಕ್ ರೆಂಚ್, ಅಂದ್ರೆ ಎಷ್ಟು ಜೋರಲ್ಲಿ ತಿರುಗಿಸ್ತಿದೀವಿ ಅಂತ ಅಳೆಯೋ ಪಾನಾ, ತಗೊಂಡಿದ್ದು. 4 ಸ್ಟಾರ್.

ಎಂ20 ಸೈಜಿನ (20 ಎಂಎಂ ದಪ್ಪ) 8.8 ಗ್ರೇಡ್, ಅಂದ್ರೆ ಗಟ್ಟಿ ಸ್ಟೀಲಿನ ಬೋಲ್ಟ್ ಎಣ್ಣೆ ಇಲ್ದೆ ಡ್ರೈ ಆಗಿದ್ರೆ ಫುಲ್ ಟೈಟಿಗೆ ಸುಮಾರು 550 ನ್ಯೂಟನ್ ಮೀಟರ್ ಬೇಕು, ಅಂದ್ರೆ ಒಂದು ಮೀಟರ್ ಹಿಡಿಕೆ ತುದೀಲಿ 55 ಕೆಜಿ ಭಾರ ಹಾಕ್ದಂಗೆ. ಪಾನಾಗೆ ಪೈಪ್ ತೂರಿಸಿ ಎಳೆದ್ರೂ ಅಷ್ಟು ಬರುತ್ತೆ, ಆದ್ರೆ ಬಂತೋ ಇಲ್ವೋ, ಜಾಸ್ತಿ ಆಯ್ತೋ ಅಂತ ಯಾರಿಗೂ ಗೊತ್ತಾಗಲ್ಲ. ಇದ್ರಲ್ಲಿ ಗೊತ್ತಾಗುತ್ತೆ, ಹಿಡಿಕೆ ಸ್ಕೇಲಲ್ಲಿ ಸೆಟ್ ಮಾಡಿದ ನಂಬರಿಗೆ ಬಂದ ತಕ್ಷಣ ತಲೆ ಹತ್ರ ಟಕ್ ಅನ್ನುತ್ತೆ, ಶೀಟ್ ಮೇಲೆ ಮಳೆ ಹೊಡೀತಿದ್ರೆ ಸೌಂಡ್ ಕೇಳಲ್ಲ ಆದ್ರೂ ಅಂಗೈಗೆ ಒಂದು ಸಣ್ಣ ಜರ್ಕ್ ಬರುತ್ತೆ, ಅಲ್ಲಿಗೆ ನಿಲ್ಲಿಸ್ಬೇಕು. ಹಿಡಿಕೇಲಿ ಗುರುತು ಇರೋ ಜಾಗದಲ್ಲೇ ಹಿಡೀರಿ. ಏಣಿ ಮೇಲೆ ನಿಂತು ಎಳೆಯೋಕೆ ಮಾತ್ರ ಹೋಗ್ಬೇಡಿ, ಸಾರ್ವೆ ಕಟ್ಕೊಳಿ.

ಈಗ ಮುಖ್ಯ ವಿಷ್ಯ, ರಿವ್ಯೂಗಳಲ್ಲಿ ಇದನ್ನ ಯಾರೂ ಬರ್ದಿಲ್ಲ. ನಮ್ಮ ಮಲೆನಾಡು ಸೈಟಲ್ಲಿ ಬೋಲ್ಟ್ ತುಕ್ಕು ಹಿಡಿಯುತ್ತೆ ಅಂತ ಹುಡುಗ್ರು ಡಬ್ಬಕ್ಕೇ ವೇಸ್ಟ್ ಆಯಿಲ್ ಸುರಿದು ಇಟ್ಟಿರ್ತಾರೆ. ರೆಂಚ್ ಅಳೆಯೋದು ನಟ್ಟು ತಿರುಗೋಕೆ ಎಷ್ಟು ಜೋರು ಬೇಕು ಅನ್ನೋದನ್ನ ಅಷ್ಟೇ, ಬೋಲ್ಟು ಒಳಗೆ ಎಷ್ಟು ಬಿಗಿದಿದೆ ಅನ್ನೋದನ್ನಲ್ಲ. ಎಣ್ಣೆ ಇದ್ರೆ ಜಾರುತ್ತೆ, ಅದೇ 550ಕ್ಕೆ ಬಿಗಿತ ಮೂರನೇ ಒಂದು ಭಾಗದಷ್ಟು ಜಾಸ್ತಿ ಆಗ್ಬಹುದು, ಅಷ್ಟಾದ್ರೆ ಬೋಲ್ಟ್ ಹಿಗ್ಗಿ ಕೆಟ್ಟಂಗೇ. ತುಕ್ಕು ಹಿಡಿದಿದ್ರೆ ಉಲ್ಟಾ, ಅರ್ಧ ಬಿಗಿಯೋದ್ರೊಳಗೇ ಟಕ್ ಅನ್ನುತ್ತೆ, ಹುಡುಗ "ಅಣ್ಣಾ ಆಯ್ತು" ಅಂತ ಮುಂದಿನ ಬೋಲ್ಟಿಗೆ ಹೋಗಿರ್ತಾನೆ. ಅದಕ್ಕೇ ಈಗ ಬೋಲ್ಟು ಮೂಟೆ ಸೈಟಲ್ಲಿ ಬಿಡೋದೇ ಇಲ್ಲ, ಮುಚ್ಚಳ ಇರೋ ಡ್ರಮ್ಮಲ್ಲಿ ಇಟ್ಟು ಅವತ್ತಿಗೆ ಬೇಕಾದಷ್ಟು ಮಾತ್ರ ತೆಗಿಯೋದು. ತಿರುಗಿಸೋ ನಟ್ಟಿನ ಕೆಳಗೆ ವಾಷರ್ ಇರ್ಲೇಬೇಕು.

ಇನ್ನೊಂದು, ಎರಡು ಪ್ಲೇಟ್ ಮಧ್ಯೆ ಸಂದಿ ಇದ್ರೂ ಇದು ಟಕ್ ಅನ್ನುತ್ತೆ! ಮೊದ್ಲು ಮಾಮೂಲಿ ಪಾನಾದಲ್ಲಿ ಎಲ್ಲಾ ಬೋಲ್ಟೂ ಎಳೆದು ಪ್ಲೇಟ್ ಕಚ್ಚಿಸ್ಕೊಂಡು, ಆಮೇಲೆ ಜಾಯಿಂಟ್ ಮಧ್ಯದಿಂದ ಹೊರಗಡೆಗೆ ರೆಂಚ್ ಹಾಕ್ತಾ ಹೋಗಿ, ಮುಗಿದ್ಮೇಲೆ ಮತ್ತೊಂದು ರೌಂಡ್ ಬನ್ನಿ, ಮೊದ್ಲು ಬಿಗಿದಿದ್ದು ಸ್ವಲ್ಪ ಸಡಿಲ ಆಗಿರುತ್ತೆ. ಆದ ನಟ್ಟಿಗೆ ಪೇಂಟ್ ಮಾರ್ಕರಲ್ಲಿ ಗೆರೆ ಎಳೀರಿ.

ಇಂಪ್ಯಾಕ್ಟ್ ಗನ್ (ಬ್ಯಾಟ್ರಿಲಿ ನಟ್ಟು ತಿರುಗಿಸೋ ಮೆಷಿನ್) ಇದ್ರೆ ಸಾಲ್ದಾ ಅಂತ ತುಂಬಾ ಜನ ಕೇಳ್ತಾರೆ. ಗನ್ ನಮ್ಮತ್ರನೂ ಇದೆ, ಸ್ಪೀಡಿಗೆ ಅದೇ ಬೇಕು, ಆದ್ರೆ ಡಬ್ಬದ ಮೇಲೆ ಬರ್ದಿರೋ ದೊಡ್ಡ ನಂಬರ್ ಎಷ್ಟೋ ಸಲ ಬಿಚ್ಚೋ ಶಕ್ತಿದು, ಬ್ಯಾಟ್ರಿ ಇಳಿದಂಗೆ ಅದೂ ಇಳಿಯುತ್ತೆ. ಲಾಸ್ಟ್ ಬಿಗಿ ರೆಂಚಿಂದಾನೇ.

ಸ್ಟಾರ್ ಕಟ್ ಆಗಿದ್ದು ಎರಡು ಕಾರಣಕ್ಕೆ. ಸ್ಕೇಲ್ ನಂಬರಿನ ಕಪ್ಪು ಬಣ್ಣ ಕೆಮ್ಮಣ್ಣು ಬೆವರು ತಾಗಿ ಅಳಿಸ್ತಾ ಬಂದಿದೆ, ಸಂಜೆ ಹೊತ್ತು ಓದೋಕೆ ಟಾರ್ಚ್ ಬೇಕು. ಮತ್ತೆ ಕ್ಯಾಲಿಬ್ರೇಶನ್, ಅಂದ್ರೆ ರೆಂಚ್ ಸರಿಯಾಗಿ ಅಳೀತಿದ್ಯಾ ಅಂತ ಚೆಕ್ ಮಾಡ್ಸೋದು, 12 ತಿಂಗಳು ಇಲ್ಲಾ 5000 ಸಲ, ಯಾವ್ದು ಮೊದ್ಲೋ ಅದಕ್ಕೆ ಮಾಡಿಸ್ಬೇಕು, ಬೆಂಗಳೂರಿಗೆ ಕಳಿಸಿ ವಾಪಸ್ ಬರೋಷ್ಟರಲ್ಲಿ ಸೈಟಲ್ಲಿ ಸಾಹುಕಾರ್ರ ಹತ್ರ ಬೈಸ್ಕೊಂಡಾಯ್ತು. ಕೆಲಸ ಆದ್ಮೇಲೆ ಸ್ಕೇಲನ್ನ ಕಡಿಮೆ ನಂಬರಿಗೆ ಇಳಿಸಿಡಿ, ಇದ್ರಲ್ಲಿ ನಟ್ಟು ಬಿಚ್ಚೋಕೆ ಹೋಗ್ಬೇಡಿ, ಸ್ಪ್ರಿಂಗ್ ಹಾಳಾಗುತ್ತೆ.

ಸ್ವಂತಕ್ಕೆ ಒಂದೇ ಮನೆ ಕಟ್ಟಿಸೋರು ಇದನ್ನ ತಗೊಳೋದು ದಂಡ. ಮನೆ ಕೆಲಸದಲ್ಲಿ ಎಷ್ಟೋ ಜಾಯಿಂಟಿಗೆ ಫುಲ್ ಟೈಟ್ ಬೇಕೇ ಇಲ್ಲ, ಪ್ಲೇಟ್ ಚೆನ್ನಾಗಿ ಕಚ್ಚಿದ್ರೆ ಸಾಕು, ಯಾವ್ದಕ್ಕೆ ಬೇಕು ಅಂತ ಇಂಜಿನಿಯರ್ ಹತ್ರ ಡ್ರಾಯಿಂಗಲ್ಲೇ ಬರೆಸ್ಕೊಳಿ. ನಮ್ಮಂಥ ಫ್ಯಾಬ್ರಿಕೇಟರ್‌ಗಳು ಕಣ್ಮುಚ್ಚಿ ತಗೋಬಹುದು. ನಟ್ಟಿಗೆ ಹಾಕೋ ಸಾಕೆಟ್ ಜೊತೆಗೆ ಬರಲ್ಲ, ಬೇರೆ ತಗೋಬೇಕು, ಎಂ20ಗೆ ಮಾಮೂಲಿ ಬೋಲ್ಟ್ ಆದ್ರೆ 30 ಎಂಎಂ, ಸ್ಟ್ರಕ್ಚರಲ್ ಬೋಲ್ಟ್ ಆದ್ರೆ ನಟ್ಟು ಇನ್ನೂ ದೊಡ್ಡದು, ಅಳತೆ ನೋಡಿ ತಗೊಳಿ, ಎರಡೂ ಇಟ್ಕೊಳಿ.