ಲಾಕ್‌ಔಟ್ ಕಿಟ್: ಗಮನ ತಪ್ಪಿದಾಗ ಕೈ ಉಳಿಸುವ ಬೀಗ

ಒಬ್ಬರು ಮೆಷಿನ್ ಒಳಗೆ ಕೈ ಇಟ್ಟಿರುತ್ತಾರೆ, ಇನ್ನೊಬ್ಬರು ಬೇರೇನೋ ಯೋಚನೆಯಲ್ಲಿ ಸ್ವಿಚ್ ಒತ್ತುತ್ತಾರೆ. ರಿಪೇರಿ ಮುಗಿಯುವವರೆಗೆ ಸ್ವಿಚ್ ಆಫ್‌ನಲ್ಲೇ ಇರುವಂತೆ ಬೀಗ ಹಾಕುವ ಈ ಕಿಟ್ ಇರುವುದೇ ಆ ಒಂದು ಕ್ಷಣಕ್ಕಾಗಿ.

ಹ್ಯಾಸ್ಪ್, ಅಂದರೆ ಹಲವು ಬೀಗ ಒಟ್ಟಿಗೆ ಹಾಕುವ ಕೊಕ್ಕೆ, ಗಟ್ಟಿಯಾಗಿದೆ. 6 ತೂತು, ಅಂದರೆ 6 ಜನರ ಬೀಗ. ಕೊನೆಯ ಬೀಗ ತೆಗೆಯುವವರೆಗೂ ಸ್ವಿಚ್ ಏಳುವುದಿಲ್ಲ. ಬೀಗಕ್ಕೆ ವಿದ್ಯುತ್ ಹರಿಯದ ನೈಲಾನ್ ಕೊಂಡಿಯಿದೆ, ವಿದ್ಯುತ್ ಪ್ಯಾನೆಲ್ ಹತ್ತಿರ ಅದೇ ಒಳ್ಳೆಯದು. ಕೊಳ್ಳುವಾಗ ಮಾತ್ರ ಒಂದೊಂದಕ್ಕೂ ಬೇರೆ ಕೀ ಇರುವ ಸೆಟ್ಟನ್ನೇ ಕೇಳಿ. ಒಂದೇ ಕೀಗೆ ಎಲ್ಲವೂ ತೆರೆದರೆ ಬೀಗ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ.

ಕಿಟ್ ಸೋಲುವುದು ಬ್ರೇಕರ್ ಕ್ಲಾಂಪ್‌ನಲ್ಲಿ, ಅಂದರೆ ವಿದ್ಯುತ್ ಕಡಿಯುವ ಬ್ರೇಕರ್‌ನ ಲಿವರ್ ಅಲುಗದಂತೆ ಹಿಡಿಯುವ ಹಿಡಿಕೆಯಲ್ಲಿ. ಸ್ಕ್ರೂ ಅರ್ಧ ಸುತ್ತು ಸಡಿಲವಿದ್ದರೂ ಲಿವರ್‌ನಿಂದ ಜಾರಿ ಕೈಗೆ ಬರುತ್ತದೆ. ಬಿಗಿದ ಮೇಲೆ ಎಳೆದು ನೋಡಲೇಬೇಕು. ಬೀಗ ಯಾರದೆಂದು ಬರೆದು ತೂಗುಹಾಕುವ ಟ್ಯಾಗ್ ರಟ್ಟಿನದು, ಎಣ್ಣೆ ಕೈ ತಾಗಿದರೆ ಹೆಸರು ಅಳಿಸಿಹೋಗುತ್ತದೆ. ಪ್ಲಾಸ್ಟಿಕ್ಕಿನದು ಕೊಡಬೇಕಿತ್ತು.

ಜೊತೆಗಿರುವ ಸೂಚನಾ ಚೀಟಿ ಬೀಗ ಹಾಕುವಲ್ಲಿಗೇ ನಿಲ್ಲುತ್ತದೆ, ಇದು ದೊಡ್ಡ ಕೊರತೆ. ಬೀಗದ ನಂತರ ಏರ್ ಲೈನಿನ ಒತ್ತಡ ಬಿಡಬೇಕು, ಎತ್ತಿ ನಿಂತ ಭಾಗಕ್ಕೆ ಆಸರೆ ಕೊಡಬೇಕು, ಕೆಪಾಸಿಟರ್‌ನಲ್ಲಿ ಉಳಿದ ವಿದ್ಯುತ್ ಖಾಲಿಯಾಗಲು (ಡಿಸ್‌ಚಾರ್ಜ್) ಬಿಡಬೇಕು. ಆಮೇಲೆ ಸ್ಟಾರ್ಟ್ ಬಟನ್ ಒತ್ತಿ ಮೆಷಿನ್ ಅಲುಗುವುದಿಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. ತಪ್ಪಿ ಪಕ್ಕದ ಬ್ರೇಕರ್‌ಗೆ ಬೀಗ ಬಿದ್ದಿದ್ದರೆ ಗೊತ್ತಾಗುವುದು ಇಲ್ಲೇ.